ತಿರುಪಿನ ಪಾಠದ ಉಳಿದರ್ಧ

ಸರಳ ಯಂತ್ರಗಳ ಪಾಠ ಹೇಳುವ ದಿನ ನಾನು ತರಗತಿಗೆ ಒಂದು ಪೆನ್ಸಿಲನ್ನೂ ತ್ರಿಕೋನಾಕಾರವಾಗಿ ಕತ್ತರಿಸಿದ ಒಂದು ಹಾಳೆಯನ್ನೂ ತಪ್ಪದೆ ಒಯ್ಯುತ್ತಿದ್ದೆ. ಹಾಳೆಯ ಓರೆ ಅಂಚಿಗೆ ಕೆಂಪು ಶಾಯಿಯ ಗೆರೆ ಎಳೆದಿರುತ್ತಿದ್ದೆ. ಅದನ್ನು ಪೆನ್ಸಿಲಿಗೆ ಸುತ್ತಿದೊಡನೆ ಆ ಗೆರೆ ಬಳ್ಳಿಯಂತೆ ಸುತ್ತಿಕೊಂಡು ಮೇಲೇರುತ್ತಿತ್ತು. "ನೋಡಿರಿ ಮಕ್ಕಳೇ, ತಿರುಪು ಎಂದರೆ ಕಂಬಕ್ಕೆ ಸುತ್ತಿದ ಇಳಿಜಾರು" ಎನ್ನುತ್ತಿದ್ದೆ. ಮಕ್ಕಳ ಕಣ್ಣು ಅರಳುತ್ತಿದ್ದವು. ಮೂವತ್ತನಾಲ್ಕು ವರ್ಷ ಹೀಗೆಯೇ ಆ ಪಾಠ ಹೇಳಿದೆ. ನಾನು ಹೇಳುತ್ತಿದ್ದುದು ಅರ್ಧ ಪಾಠ ಮಾತ್ರ ಎಂಬುದು ಅರಿವಾದದ್ದು ನಿವೃತ್ತನಾದ ಮೇಲೆ, ನನ್ನ ಹೆಂಡತಿಯ ಬೆನ್ನುಮೂಳೆಯಲ್ಲಿ ನಾಲ್ಕು ತಿರುಪುಗಳು ಕುಳಿತ ನಂತರ.

ನಮ್ಮ ಮನೆ ಇರುವುದು ಬಳ್ಳಾರಿಯ ಕೌಲ್ ಬಜಾರಿನಲ್ಲಿ. ಬ್ರಿಟಿಷರ ಕಾಲದ ದಂಡು ಪ್ರದೇಶದ ಮಗ್ಗುಲಲ್ಲಿ ಬೆಳೆದ ಪೇಟೆ ಇದು. ಸಿಪಾಯಿಗಳ ಸಮವಸ್ತ್ರ ಹೊಲಿಯುತ್ತಿದ್ದ ಕಸುಬೇ ಮುಂದೆ ಜೀನ್ಸ್ ಉದ್ಯಮವಾಗಿ ಬೆಳೆಯಿತೆಂದು ಹಿರಿಯರು ಹೇಳುತ್ತಾರೆ. ಬೆಳಗಿನಿಂದ ರಾತ್ರಿಯವರೆಗೆ ಹೊಲಿಗೆ ಯಂತ್ರದ ಮುಂದೆ ಬಾಗಿ ಕುಳಿತವರ ಓಣಿಯಲ್ಲಿ ಬೆನ್ನುನೋವು ನೆಗಡಿಯಷ್ಟೇ ಸಾಮಾನ್ಯ. ಆದ್ದರಿಂದ ಮನೆಯಾಕೆ ಬೆನ್ನು ನೋವೆಂದಾಗ ನಾನೂ ಅದನ್ನು ಹಗುರವಾಗಿಯೇ ಎಣಿಸಿದೆ. ನೋವು ಸೊಂಟದಿಂದ ಕಾಲಿಗಿಳಿದು, ಕಾಲು ಜೋಮು ಹಿಡಿದು, ಓಣಿಯ ತುದಿಯವರೆಗೆ ನಡೆಯುವುದರೊಳಗೆ ಎರಡು ಕಡೆ ಕಟ್ಟೆ ಹುಡುಕಿ ಕೂರುವಂತಾದಾಗ ಎಚ್ಚತ್ತುಕೊಂಡೆ. ಸ್ಕ್ಯಾನ್ ಮಾಡಿಸಿದಾಗ, ಸೊಂಟದ ಭಾಗದ ಐದು ಕಶೇರುಕಗಳಲ್ಲಿ ನಾಲ್ಕನೆಯದು ಐದನೆಯದರ ಮೇಲಿನಿಂದ ಮುಂದಕ್ಕೆ ಜಾರಿ ನರಗಳನ್ನು ಒತ್ತುತ್ತಿರುವುದು ಕಂಡಿತು.

ಬೆನ್ನು ಎಷ್ಟು ಹೊರೆ ಹೊರುತ್ತದೆಂಬುದನ್ನು ಸನ್ನೆಯ ತತ್ವದಿಂದ ಯಾರಾದರೂ ಲೆಕ್ಕ ಹಾಕಬಹುದು. ಬಗ್ಗಿ ಹತ್ತು ಕಿಲೋ ತೂಕದ ಕೊಡ ಎತ್ತುವಾಗ ಬೆನ್ನುಮೂಳೆಯ ಬಿಲ್ಲೆಯೇ ಆನಿಕೆ. ಕೊಡ ಆನಿಕೆಯಿಂದ ಸುಮಾರು 40 ಸೆಂಟಿಮೀಟರ್ ಮುಂದಿದ್ದರೆ, ಅದನ್ನು ಎಳೆದು ಹಿಡಿಯುವ ಬೆನ್ನಿನ ಸ್ನಾಯುಗಳು ಕೇವಲ 5 ಸೆಂಟಿಮೀಟರ್ ಹಿಂದಿರುತ್ತವೆ. ಹತ್ತನ್ನು ನಲವತ್ತರಿಂದ ಗುಣಿಸಿ ಐದರಿಂದ ಭಾಗಿಸಿದರೆ ಎಂಬತ್ತು. ಹತ್ತು ಕಿಲೋದ ಕೊಡಕ್ಕಾಗಿ ಸ್ನಾಯುಗಳು ಎಂಬತ್ತು ಕಿಲೋದಷ್ಟು ಎಳೆಯಬೇಕು. ಎರಡೂ ಸೇರಿ ಬಿಲ್ಲೆಯ ಮೇಲೆ ಬೀಳುವುದು ತೊಂಬತ್ತು. ಮುಂಡ ಮತ್ತು ತಲೆಯ ಭಾರ ಇದಕ್ಕೆ ಬೇರೆ. ನಲ್ಲಿಯಲ್ಲಿ ದಿನಗಟ್ಟಲೆ ನೀರು ಬಾರದಿದ್ದ ಕಾಲದಲ್ಲಿ, ಬಂದ ದಿನ ಹಂಡೆ, ಡ್ರಮ್ಮುಗಳನ್ನೆಲ್ಲ ತುಂಬಿಸುತ್ತಿದ್ದವಳು ಆಕೆ. ನಾನು ಆ ಹೊತ್ತಿನಲ್ಲಿ ಶಾಲೆಯಲ್ಲಿ ಸನ್ನೆಯ ಪಾಠ ಹೇಳುತ್ತಿದ್ದೆ.

2021ರ ಕೊನೆಯಲ್ಲಿ, ದೊಡ್ಡ ಊರೊಂದರ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ನಿಶ್ಚಯವಾಯಿತು. ಎರಡು ಕಶೇರುಕಗಳಿಗೂ ಎಡಬಲ ಒಂದೊಂದರಂತೆ ನಾಲ್ಕು ತಿರುಪು, ಅವುಗಳನ್ನು ಜೋಡಿಸಲು ಎರಡು ಸರಳುಗಳು. ಅಂದು ನಾನು ವೈದ್ಯರನ್ನು ಕೇಳಿದ ಪ್ರಶ್ನೆಗಳು ಇಂದಿಗೂ ನೆನಪಿವೆ. "ಸ್ಕ್ರೂ ಯಾವ ಲೋಹದ್ದು? ತುಕ್ಕು ಹಿಡಿಯುವುದಿಲ್ಲವಷ್ಟೆ? ಮುರಿಯುವುದಿಲ್ಲವಷ್ಟೆ?" ವೈದ್ಯರು ಟೈಟೇನಿಯಂ ಎಂದರು. ನನಗೆ ಸಮಾಧಾನವಾಯಿತು. ವಿಜ್ಞಾನದ ಮೇಷ್ಟ್ರಾಗಿ ಕೇಳಬೇಕಾದದ್ದನ್ನೆಲ್ಲ ಕೇಳಿದೆನೆಂಬ ಜಂಬವೂ ಒಳಗೊಳಗೇ ಇತ್ತು. ಆ ತಿರುಪು ಹೋಗಿ ಕೂರಬೇಕಾದ ಮೂಳೆ ಹೇಗಿದೆ ಎಂದು ನಾನೂ ಕೇಳಲಿಲ್ಲ, ಅಲ್ಲಿ ಯಾರೂ ಅಳೆಯಲೂ ಇಲ್ಲ.

ಈ ತಿರುಪುಗಳ ಕಥೆಯನ್ನು ನಾನು ಓದಿ ತಿಳಿದದ್ದು ಆಮೇಲೆ. ಬೆನ್ನುಮೂಳೆಯನ್ನು ಲೋಹದಿಂದ ಕಟ್ಟುವ ಪ್ರಯತ್ನ 1891ರಷ್ಟು ಹಳೆಯದು. ಆ ವರ್ಷ ಅಮೆರಿಕದ ಟೆಕ್ಸಾಸಿನಲ್ಲಿ ಹಡ್ರಾ ಎಂಬ ವೈದ್ಯರು ಕುತ್ತಿಗೆಯ ಮುರಿದ ಕಶೇರುಕಗಳನ್ನು ತಂತಿಯಿಂದ ಬಿಗಿದರು. ಅದೇ ಟೆಕ್ಸಾಸಿನ ಹ್ಯೂಸ್ಟನ್ನಿನಲ್ಲಿ ಪಾಲ್ ಹ್ಯಾರಿಂಗ್ಟನ್ ಎಂಬವರು, ಪೋಲಿಯೋದಿಂದ ಬೆನ್ನು ಡೊಂಕಾದ ಮಕ್ಕಳಿಗಾಗಿ ಉಕ್ಕಿನ ಸರಳು ಮತ್ತು ಕೊಕ್ಕೆಗಳನ್ನು ರೂಪಿಸಿ 1962ರಲ್ಲಿ ಪ್ರಕಟಿಸಿದರು. ಕೊಕ್ಕೆ ಮೂಳೆಗೆ ತಗುಲಿಕೊಂಡು ನಿಲ್ಲುತ್ತದೆಯೇ ಹೊರತು ಎಲ್ಲ ದಿಕ್ಕಿನಿಂದಲೂ ಹಿಡಿಯುವುದಿಲ್ಲ. ಅದಕ್ಕೆ ಉತ್ತರ ಫ್ರಾನ್ಸಿನ ರಾಯ್-ಕಮೀ ಅವರಿಂದ ಬಂದಿತು. 1963ರಿಂದಲೇ ಅವರು ತಿರುಪನ್ನು ಪೆಡಿಕಲಿನ ಮೂಲಕ ಹಾಯಿಸುತ್ತಿದ್ದರು. 1970ರಲ್ಲಿ ಅದನ್ನು ಲೋಕಕ್ಕೆ ತಿಳಿಸಿದರು. ಹೊಸ ವಿದ್ಯೆಗೆ ವಿರೋಧವೂ ಕಡಿಮೆಯಿರಲಿಲ್ಲ. 1990ರ ದಶಕದಲ್ಲಿ ಅಮೆರಿಕದಲ್ಲಿ ಸಾವಿರಾರು ರೋಗಿಗಳು ಈ ತಿರುಪುಗಳ ವಿರುದ್ಧ ನ್ಯಾಯಾಲಯದ ಮೆಟ್ಟಿಲೇರಿದರು. 1998ರಲ್ಲಿ ಅಲ್ಲಿನ ಸರ್ಕಾರಿ ಸಂಸ್ಥೆ ಅವುಗಳ ಮೇಲಿನ ಕಟ್ಟುಪಾಡನ್ನು ಸಡಿಲಿಸಿದ ಮೇಲೆ ಇವು ಎಲ್ಲೆಡೆ ರೂಢಿಗೆ ಬಂದವು.

ಪೆಡಿಕಲ್ ಎಂದರೇನೆಂದು ಹೇಳಬೇಕು. ಪ್ರತಿ ಕಶೇರುಕಕ್ಕೂ ಮುಂದುಗಡೆ ದಪ್ಪನೆಯ ಗುಂಡು ದಿಮ್ಮಿಯಂತಹ ಭಾಗವಿದೆ, ಹಿಂದುಗಡೆ ಕಮಾನಿದೆ. ಇವೆರಡನ್ನು ಎಡಬಲದಲ್ಲಿ ಬೆಸೆಯುವ ಎರಡು ಗಿಡ್ಡ ತೊಲೆಗಳೇ ಪೆಡಿಕಲ್‌ಗಳು. ಎರಡು ತೊಲೆಗಳ ನಡುವಿನ ಓಣಿಯಲ್ಲಿ ನರಗಳು ಹಾದುಹೋಗುತ್ತವೆ. ಒಂದೆರಡು ಮಿಲಿಮೀಟರ್ ದಾರಿ ತಪ್ಪಿದರೂ ಅಪಾಯ ತಪ್ಪಿದ್ದಲ್ಲ. ಆದರೂ ಅದೇ ದಾರಿ ಏಕೆ? ದಿಮ್ಮಿಯ ಒಳಗೆ ಮೂಳೆ ಸ್ಪಂಜಿನಂತೆ ಜಾಳಾಗಿರುತ್ತದೆ. ಪೆಡಿಕಲಿನ ಗೋಡೆ ಗಟ್ಟಿ. ತಿರುಪಿನ ಹಿಡಿತದಲ್ಲಿ ನೂರಕ್ಕೆ ಸುಮಾರು ಅರವತ್ತು ಪಾಲು ಆ ಪುಟ್ಟ ತೊಲೆಯಿಂದಲೇ ದೊರೆಯುತ್ತದೆಂದು ಪ್ರಯೋಗಗಳು ತೋರಿಸಿವೆ.

ಮೊದಲ ಶಸ್ತ್ರಚಿಕಿತ್ಸೆ ಅಚ್ಚುಕಟ್ಟಾಗಿಯೇ ನಡೆಯಿತು. ಮೂರನೆಯ ದಿನ ಆಕೆಯನ್ನು ನಡೆಸಿದರು. ಕಾಲಿನ ಜೋಮು ಹೋಗಿತ್ತು. ಯುಗಾದಿಯ ಹೊತ್ತಿಗೆ ಅಡುಗೆಮನೆಗೂ ಬಂದಳು. ಆದರೆ ಏಳನೆಯ ತಿಂಗಳಿನಲ್ಲಿ, ಮಲಗಿದಲ್ಲಿಂದ ಮಗ್ಗುಲಾದರೆ ಬೆನ್ನಿನೊಳಗೆ ಏನೋ ಅಲುಗಿದಂತಾಗುತ್ತದೆ ಎಂದಳು. ನಾನು "ಟೈಟೇನಿಯಂ ಅಲುಗುವುದಿಲ್ಲ, ನಿನ್ನ ಭ್ರಮೆ" ಎಂದುಬಿಟ್ಟೆ. ಆ ಮಾತಿಗಾಗಿ ಇಂದಿಗೂ ನಾಚುತ್ತೇನೆ.

ಈ ಬಾರಿ ಬೇರೊಂದು ಊರಿನ ವೈದ್ಯರ ಬಳಿಗೆ ಹೋದೆವು. ಅವರು ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದು, ತಿರುಪಿನ ಸುತ್ತ ಇದ್ದ ತೆಳುವಾದ ಕಪ್ಪು ಅಂಚನ್ನು ಪೆನ್ನಿನ ತುದಿಯಿಂದ ತೋರಿಸಿದರು. "ಮೇಷ್ಟ್ರೇ, ತಿರುಪು ಸರಿಯಾಗಿಯೇ ಇದೆ. ಅದರ ಸುತ್ತಲಿನ ಮೂಳೆ ಸವೆದು ಜಾಗ ಬಿಟ್ಟಿದೆ" ಎಂದರು. ಬಳಿಕ ಆಕೆಯ ಕಡೆ ತಿರುಗಿ, "ಅಮ್ಮಾ, ನಿಮ್ಮ ಮುಟ್ಟು ಯಾವಾಗ ನಿಂತಿತು?" ಎಂದು ಕೇಳಿದರು. ನಾನು ಅವಾಕ್ಕಾದೆ. ಬೆನ್ನಿನ ತಿರುಪಿಗೂ ಇದಕ್ಕೂ ಏನು ಸಂಬಂಧ? ಆಕೆ ತಲೆ ತಗ್ಗಿಸಿ, "ನಲವತ್ತೆರಡಕ್ಕೇ ಆಪರೇಷನ್ ಮಾಡಿ ಗರ್ಭಕೋಶ ತೆಗೆದ್ರು ಸಾರ್. ಅಂಡಾಶಯನೂ ತೆಗೆದೀವಿ ಅಂದಿದ್ರು" ಎಂದಳು. ಆ ವರ್ಷ ಯಾವುದೆಂದು ನನಗೆ ನೆನಪಿರಲಿಲ್ಲ. ನನ್ನ ಶಾಲೆಗೆ ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಫಲಿತಾಂಶ ಬಂದ ವರ್ಷಗಳೆಲ್ಲ ನೆನಪಿದ್ದವು.

ಅಂಡಾಶಯ ಸ್ರವಿಸುವ ಈಸ್ಟ್ರೋಜನ್ ಹೆಣ್ಣಿನ ಮೂಳೆಯ ಕಾವಲುಗಾರ. ಅದು ಬೇಗ ನಿಂತಷ್ಟೂ ಮೂಳೆ ಬೇಗ ಸವೆಯತೊಡಗುತ್ತದೆ. ಡೆಕ್ಸಾ ಪರೀಕ್ಷೆ ಮಾಡಿಸಿದರು. ಅದರ ಅಂಕ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿಳಿದರೆ ಅಸ್ಥಿರಂಧ್ರತೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ವ್ಯಾಖ್ಯೆ. ಆಕೆಯದು ಮೈನಸ್ 3.1.

ಎರಡನೆಯ ಶಸ್ತ್ರಚಿಕಿತ್ಸೆಗೆ ದಿನ ಕಾಯುತ್ತಿದ್ದಾಗ, ನಮ್ಮ ಮನೆಯ ತಲೆಬಾಗಿಲಿನ ಮೇಲಿನ ಕೀಲು ಸಡಿಲವಾಗಿ ಬಾಗಿಲು ನೆಲಕ್ಕೆ ಉಜ್ಜತೊಡಗಿತು. ನಾನೇ ಅಂಗಡಿಯಿಂದ ಹೊಸ ತಿರುಪುಮೊಳೆ ತಂದು ಹಾಕಿದೆ. ಅದು ತಿರುಗಿದಲ್ಲೇ ತಿರುಗಿತು. ನಮ್ಮ ಓಣಿಯಲ್ಲಿ ಬಡಗಿ ಕೆಲಸ ಮಾಡುವ ಮುದುಕರೊಬ್ಬರಿದ್ದಾರೆ, ಊರಿಗೆಲ್ಲ ಚಾಚಾ. ಅವರು ಬಂದು ನೋಡಿ ನಕ್ಕರು. "ಸಾರ್, ಮೊಳೆದು ಏನೂ ತಪ್ಪಿಲ್ಲ. ಮರ ಸತ್ತೋಗೈತೆ. ಸತ್ತ ಮರ ಯಾವ ಮೊಳೇನ ಹಿಡಿತೈತೆ?" ಎನ್ನುತ್ತ, ಜೇಬಿನಿಂದ ಬೆಂಕಿಪೊಟ್ಟಣ ತೆಗೆದು, ನಾಲ್ಕು ಕಡ್ಡಿಗಳ ತಲೆ ಮುರಿದು, ಗೋಂದಿನಲ್ಲಿ ಅದ್ದಿ ತೂತಿಗೆ ತುರುಕಿದರು. ಒಣಗಿದ ಮೇಲೆ ಮೊದಲಿಗಿಂತ ಉದ್ದವೂ ದಪ್ಪವೂ ಆದ ತಿರುಪನ್ನು, ಸ್ವಲ್ಪ ಓರೆಯಾಗಿ, ನಿಧಾನವಾಗಿ ತಿರುಗಿಸಿದರು. ಬಾಗಿಲು ನಿಂತಿತು.

ಆ ನಾಲ್ಕು ಕೆಲಸಗಳನ್ನು ನಾನು ಮುಂದಿನ ವಾರ ವೈದ್ಯರ ಬಾಯಿಂದ ಬೇರೆ ಮಾತುಗಳಲ್ಲಿ ಕೇಳಿದೆ. ತಿಳಿದದ್ದರಿಂದ ತಿಳಿಯದುದರ ಕಡೆಗೆ ಸಾಗಬೇಕೆಂದು ಬಿ.ಎಡ್. ತರಬೇತಿಯಲ್ಲಿ ನಮಗೆ ಹೇಳಿಕೊಟ್ಟಿದ್ದರು. ಓದುಗರಿಗೂ ಅದೇ ಕ್ರಮದಲ್ಲಿ ಹೇಳುತ್ತೇನೆ.

ಮೊದಲನೆಯದು ತಿರುಪಿನ ದಪ್ಪ. ತಿರುಪಿಗೆ ಎರಡು ವ್ಯಾಸಗಳಿವೆ. ಸುತ್ತುಗಳನ್ನೂ ಸೇರಿಸಿ ಅಳೆದರೆ ಹೊರ ವ್ಯಾಸ, ಸುತ್ತುಗಳ ಬುಡದಲ್ಲಿರುವ ದಿಂಡಿನದು ಒಳ ವ್ಯಾಸ. ತಿರುಪು ಬಾಗದಂತೆ, ಮುರಿಯದಂತೆ ಕಾಯುವುದು ಒಳ ವ್ಯಾಸ. ಬಾಗುವಿಕೆಯನ್ನು ತಡೆಯುವ ಬಲ ವ್ಯಾಸದ ಘನಕ್ಕೆ ಅನುಪಾತದಲ್ಲಿರುತ್ತದೆ. 5 ಮಿಲಿಮೀಟರಿನ ದಿಂಡನ್ನು 6ಕ್ಕೆ ಏರಿಸಿದರೆ ಬಲ ಒಂದೂ ಮುಕ್ಕಾಲು ಪಟ್ಟಿನ ಹತ್ತಿರ ಬರುತ್ತದೆ. ಕಿತ್ತು ಬಾರದಂತೆ ಕಾಯುವುದಾದರೋ ಹೊರ ವ್ಯಾಸ ಮತ್ತು ಸುತ್ತುಗಳ ಆಳ. ಎರಡು ಸುತ್ತುಗಳ ನಡುವೆ ಸಿಕ್ಕ ಮೂಳೆಯೇ ತಿರುಪನ್ನು ಹಿಡಿದಿಡುವ ಮುಷ್ಟಿ. ಸುತ್ತು ಆಳವಾದಷ್ಟೂ ಮುಷ್ಟಿಯೊಳಗಿನ ಮೂಳೆ ಹೆಚ್ಚು; ಆದರೆ ದಿಂಡು ತೆಳ್ಳಗಾಗುತ್ತದೆ. ಒಂದನ್ನು ಗಳಿಸಲು ಇನ್ನೊಂದನ್ನು ಬಿಡಬೇಕು. ಎರಡನ್ನೂ ದಪ್ಪಗೆ ಮಾಡೋಣವೆಂದರೆ ಪೆಡಿಕಲಿನ ಅಗಲವೇ ಎಲ್ಲೆ. ಅದಕ್ಕೂ ದಪ್ಪವಾದರೆ ತೊಲೆಯೇ ಸೀಳುತ್ತದೆ.

ಎರಡನೆಯದು ಓರೆ. ಗೋಡೆಗೆ ನೇರವಾಗಿ ಹೊಡೆದ ಮೊಳೆ ಸುಲಭವಾಗಿ ಹೊರಬರುತ್ತದೆ, ಓರೆಯಾಗಿ ಹೊಡೆದದ್ದು ಬರುವುದಿಲ್ಲ. ಎಡಬಲದ ತಿರುಪುಗಳನ್ನು ಒಳಮುಖವಾಗಿ ವಾಲಿಸಿ, ಹೊರಗೆ ಅಡ್ಡಪಟ್ಟಿಯಿಂದ ಜೋಡಿಸಿದರೆ ಒಂದು ತ್ರಿಕೋನ ಏರ್ಪಡುತ್ತದೆ. ಆಗ ಒಂದು ತಿರುಪು ಕಿತ್ತುಬರಬೇಕಾದರೆ ಎರಡರ ನಡುವಿನ ಮೂಳೆಯೆಲ್ಲ ಒಟ್ಟಿಗೆ ಬರಬೇಕು.

ಮೂರನೆಯದು ಬೆಂಕಿಕಡ್ಡಿ ಮತ್ತು ಗೋಂದು. ಶಸ್ತ್ರವೈದ್ಯರ ಗೋಂದಿಗೆ ಮೂಳೆಯ ಸಿಮೆಂಟು ಎಂದು ಹೆಸರು. ಕಟ್ಟಿಸಿಕೊಳ್ಳುವ ಹಲ್ಲಿನ ಸೆಟ್ಟಿನಲ್ಲಿರುವಂತಹ ಪ್ಲಾಸ್ಟಿಕ್ ಜಾತಿಯ ವಸ್ತುವೇ ಅದು. ಮೆತ್ತಗಿರುವಾಗಲೇ ತಿರುಪಿನ ದಾರಿಯಲ್ಲಿ ತುಂಬಿದರೆ, ಸ್ಪಂಜಿನಂತಹ ಮೂಳೆಯ ರಂಧ್ರಗಳಿಗೆ ನುಗ್ಗಿ ನಿಮಿಷಗಳಲ್ಲಿ ಗಟ್ಟಿಯಾಗುತ್ತದೆ. ಅದು ಸೋರಿ ನರದ ಓಣಿಗೋ ರಕ್ತನಾಳಕ್ಕೋ ಸೇರಿದರೆ ಗಂಡಾಂತರವಾದ್ದರಿಂದ ಎಲ್ಲರಿಗೂ ಅದನ್ನು ಬಳಸುವುದಿಲ್ಲ.

ನಾಲ್ಕನೆಯದು ನಿಧಾನ. ಜಾಳು ಮೂಳೆಗೆ ತೂತನ್ನು ತಿರುಪಿಗಿಂತ ಸಣ್ಣದಾಗಿ ಕೊರೆಯಬೇಕು. ಆಗ ತಿರುಪು ಒಳಹೋಗುತ್ತಾ ಸುತ್ತಲಿನ ಮೂಳೆಯನ್ನು ಅದುಮಿ ಬಿಗಿ ಮಾಡುತ್ತದೆ. ಹಾಕಿ ತೆಗೆದು, ಮತ್ತೆ ಹಾಕಿದರೆ ಹಿಡಿತ ಕುಂದುತ್ತದೆ.

ಇಷ್ಟೆಲ್ಲ ಮಾಡಿದರೂ ತಿರುಪಿನ ಶತ್ರು ನೇರ ಎಳೆತವಲ್ಲ. ಹೆಜ್ಜೆ ಹೆಜ್ಜೆಗೂ ಆಗುವ ಸಣ್ಣ ಅಲುಗಾಟವೇ ಅದರ ದೊಡ್ಡ ಶತ್ರು. ದಿನಕ್ಕೆ ಮೂರು ಸಾವಿರ ಹೆಜ್ಜೆ ಎಂದರೂ ತಿಂಗಳಿಗೆ ತೊಂಬತ್ತು ಸಾವಿರ, ವರ್ಷಕ್ಕೆ ಹತ್ತು ಲಕ್ಷಕ್ಕೂ ಮಿಗಿಲು. ಪ್ರತಿ ಹೆಜ್ಜೆಗೂ ತಿರುಪಿನ ತುದಿ ಕಾರಿನ ಗಾಜು ಒರೆಸುವ ಕಡ್ಡಿಯಂತೆ ಕೂದಲೆಳೆಯಷ್ಟು ಅತ್ತಿತ್ತ ಆಡುತ್ತದೆ. ಗಟ್ಟಿ ಮೂಳೆ ಅದನ್ನು ತಡೆದುಕೊಳ್ಳುತ್ತದೆ. ಜಾಳು ಮೂಳೆ ಸವೆದು ಜಾಗ ಬಿಡುತ್ತದೆ. ಎಕ್ಸ್‌ರೇಯಲ್ಲಿ ಕಂಡ ಕಪ್ಪು ಅಂಚು ಅದೇ. ಮಗ್ಗುಲಾದಾಗ ಏನೋ ಅಲುಗುತ್ತದೆ ಎಂದು ಆಕೆ ಹೇಳಿದ್ದು ಭ್ರಮೆಯಾಗಿರಲಿಲ್ಲ. ಎಕ್ಸ್‌ರೇಗಿಂತ ಮೊದಲೇ ಆಕೆ ಅದನ್ನು ಅಳೆದಿದ್ದಳು.

ನಮ್ಮ ಕಡೆಯವರಿಗೆ ಸಂಬಂಧಿಸಿದ ಒಂದು ವಿಷಯವನ್ನು ಇಲ್ಲಿ ಸೇರಿಸಬೇಕು. ಬಳ್ಳಾರಿ ಸೀಮೆಯ ಹಲವು ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಫ್ಲೋರೈಡ್ ಮೂಳೆಯನ್ನು ದಟ್ಟವಾಗಿಸುತ್ತದೆ. ಹಾಗಾದರೆ ಮೂಳೆ ಸವೆದವರಿಗೆ ಅದನ್ನೇ ಔಷಧಿಯಾಗಿ ಕೊಡಬಾರದೇಕೆ ಎಂದು ಒಂದು ಕಾಲದಲ್ಲಿ ವೈದ್ಯರು ಯೋಚಿಸಿದ್ದರು. ಅಮೆರಿಕದ ಮೇಯೋ ಕ್ಲಿನಿಕ್ಕಿನ ರಿಗ್ಸ್ ಮತ್ತು ಸಂಗಡಿಗರು ಮುಟ್ಟು ನಿಂತ 202 ಮಹಿಳೆಯರ ಮೇಲೆ ನಾಲ್ಕು ವರ್ಷ ನಡೆಸಿದ ಪರೀಕ್ಷೆಯ ಫಲ 1990ರಲ್ಲಿ ಪ್ರಕಟವಾಯಿತು. ಫ್ಲೋರೈಡ್ ಪಡೆದವರ ಬೆನ್ನುಮೂಳೆಯ ಸಾಂದ್ರತೆ ನೂರಕ್ಕೆ 35ರಷ್ಟು ಏರಿತ್ತು. ಆದರೆ ಬೆನ್ನುಮೂಳೆಯ ಮುರಿತ ಗಣನೀಯವಾಗಿ ಇಳಿಯಲಿಲ್ಲ, ಬೇರೆ ಮೂಳೆಗಳ ಮುರಿತ ಹೆಚ್ಚಾಯಿತು. ದಟ್ಟವಾದದ್ದೆಲ್ಲ ಗಟ್ಟಿಯಲ್ಲ. ಅಳತೆಯ ಅಂಕವೂ ಮೂಳೆಯ ಗುಣವನ್ನು ಪೂರ್ತಿ ಹೇಳುವುದಿಲ್ಲ.

ಎರಡನೆಯ ಶಸ್ತ್ರಚಿಕಿತ್ಸೆ 2022ರ ಸೆಪ್ಟೆಂಬರಿನಲ್ಲಿ ಆಯಿತು. ಹಳೆಯ ನಾಲ್ಕು ತಿರುಪುಗಳ ಜಾಗದಲ್ಲಿ ಒಂದು ಮಿಲಿಮೀಟರ್ ದಪ್ಪನೆಯವು, ಅವುಗಳ ಸುತ್ತ ಸಿಮೆಂಟು, ಹೊರೆ ಹಂಚಿಕೊಳ್ಳಲು ಕೆಳಗಿನ ತ್ರಿಕಾಸ್ಥಿಗೆ ಇನ್ನೆರಡು. ಅದರೊಂದಿಗೆ ಮೂಳೆ ಬೆಳೆಸುವ ಚುಚ್ಚುಮದ್ದು, ದಿನಕ್ಕೊಂದು. ಅದನ್ನು ಕೊಡುವುದನ್ನು ನಾನೇ ಕಲಿತೆ.

ಬಿಡುಗಡೆಯ ದಿನ ವೈದ್ಯರು ಹೇಳಿದ ಮಾತು ಇದು: "ಮೇಷ್ಟ್ರೇ, ಈ ಲೋಹವನ್ನು ಶಾಶ್ವತವೆಂದು ತಿಳಿಯಬೇಡಿ. ಮೂಳೆಗಳ ನಡುವೆ ಮೂಳೆಯ ಚೂರುಗಳನ್ನು ಇಟ್ಟಿದ್ದೇವೆ. ಅವು ಬೆಳೆದು ಎರಡೂ ಒಂದಾಗುವವರೆಗೆ ಮಾತ್ರ ತಿರುಪು ಹಿಡಿದಿರಬೇಕು. ಮೂಳೆ ಕೂಡಿಕೊಳ್ಳದಿದ್ದರೆ ಯಾವ ಲೋಹವಾದರೂ ಒಂದು ದಿನ ಸೋಲುತ್ತದೆ." ನನಗೆ ನಮ್ಮ ಪೇಟೆಯ ಹೆಸರು ನೆನಪಾಯಿತು. ಕೌಲು ಎಂದರೆ ಕರಾರು. ಅವಧಿ ಗೊತ್ತುಮಾಡಿ ಕೊಡುವ ಭರವಸೆ. ತಿರುಪು ಕೊಡುವುದೂ ಅಂತಹ ಕೌಲನ್ನೇ. ಅವಧಿ ಮುಗಿಯುವುದರೊಳಗೆ ಮೂಳೆ ತನ್ನ ಕೆಲಸ ಮುಗಿಸಬೇಕು.

ಮೂಳೆ ಕೂಡಿಕೊಳ್ಳುವುದನ್ನು ಎಕ್ಸ್‌ರೇಗಳಲ್ಲಿ ನೋಡುತ್ತಾ ಒಂದು ವರ್ಷ ಕಳೆಯಿತು. ಎರಡು ಕಶೇರುಕಗಳ ನಡುವೆ ಮೊದಲು ಮಬ್ಬು, ಆಮೇಲೆ ಬೂದಿ, ಕೊನೆಗೆ ಬಿಳಿಯ ಸೇತುವೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೆಯ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ ಊರಿಗೆ ಊರೇ ಕಂಗೆಟ್ಟಿತ್ತು. ಟೀವಿಯ ಮುಂದೆ ಕುಳಿತು ನೋಡುತ್ತಿದ್ದ ಆಕೆ, "ರೀ, ಎಪ್ಪತ್ತು ವರ್ಷದ ಕಬ್ಬಿಣನೂ ಒಂದು ರಾತ್ರಿಗೆ ಹೋಗ್ತದೆ. ನನ್ನ ಮೂಳೆ ಕೂಡಿಕೊಂಡಿದ್ದು ಪುಣ್ಯ" ಎಂದಳು. ಲೋಹದ ಆಯಸ್ಸಿನ ವಿಷಯವನ್ನು ನಾನು ಆಕೆಗೆ ಎಂದೂ ಪಾಠ ಮಾಡಿರಲಿಲ್ಲ.

ಬೆನ್ನಿಗೆ ತಿರುಪು ಹಾಕಿಸಿಕೊಳ್ಳಬೇಕೆಂದು ವೈದ್ಯರು ಹೇಳಿದ್ದರೆ ಹೆದರಬೇಡಿರಿ. ಬೇಕಾದವರಿಗೆ ಅದು ದೊಡ್ಡ ವರವೇ. ಲೋಹದ ಬೆಲೆ, ಕಂಪನಿಯ ಹೆಸರು ಕೇಳುವ ಮೊದಲು ಮೂರು ಮಾತು ಕೇಳಿರಿ. ಮೂಳೆಯ ಸಾಂದ್ರತೆ ಅಳೆದಿದ್ದಾರೆಯೇ? ಮೂಳೆ ಕೂಡಿಕೊಳ್ಳಲು ಏನು ಮಾಡುತ್ತಾರೆ? ಕೂಡಿಕೊಂಡಿದೆಯೋ ಇಲ್ಲವೋ ಎಂದು ಯಾವಾಗ ನೋಡುತ್ತಾರೆ? ಬೀಡಿ ಸಿಗರೇಟು ಸೇದುವವರಾದರೆ ಬಿಟ್ಟುಬಿಡಿ. ಹೊಗೆ ಮೂಳೆ ಕೂಡಿಕೊಳ್ಳುವುದಕ್ಕೆ ಅಡ್ಡಿ.

ಮನೆಯಲ್ಲಿ ಒಂದು ಬದಲಾವಣೆಯಾಗಿದೆ. ನಲವತ್ತು ವರ್ಷ ಹಾಲು ಮೊದಲು ಮಕ್ಕಳಿಗೆ, ಆಮೇಲೆ ನನಗೆ, ಉಳಿದದ್ದು ಹೆಪ್ಪಿಗೆ ಎಂಬ ಕ್ರಮವಿತ್ತು. ಆಕೆಯ ಲೋಟದಲ್ಲಿ ಏನಿದೆಯೆಂದು ನಾನು ನೋಡಿದವನಲ್ಲ. ಈಗ ಬೆಳಿಗ್ಗೆ ರಾಗಿ ಗಂಜಿಗೆ ಹಾಲು ಬೆರೆಸಿ ಮೊದಲ ಲೋಟವನ್ನು ನಾನೇ ಆಕೆಗೆ ಕೊಡುತ್ತೇನೆ. ಮೊದಲ ದಿನ ಲೋಟ ತೆಗೆದುಕೊಂಡು, "ಮೊಳೆ ಹೊಡೆದ ಮೇಲೆ ಮರಕ್ಕೆ ನೀರು ಹಾಕ್ತೀರಾ?" ಎಂದಳು. ಉತ್ತರ ಹೇಳಲು ನನಗೆ ತಿಳಿಯಲಿಲ್ಲ. ಆಕೆ ಕುಡಿದಳು.

ಓಣಿಯ ನಾಲ್ಕಾರು ಮಕ್ಕಳು ಸಂಜೆ ಪಾಠಕ್ಕೆ ಬರುತ್ತಾರೆ. ಕಳೆದ ತಿಂಗಳು ಸರಳ ಯಂತ್ರಗಳ ಪಾಠ ಬಂದಿತು. ಪೆನ್ಸಿಲು, ತ್ರಿಕೋನದ ಹಾಳೆ ಎಂದಿನಂತೆ ಇದ್ದವು. ಜೊತೆಗೆ ಚಾಚಾ ಅವರಿಂದ ಎರಡು ತುಂಡು ಹಲಗೆ ತಂದಿದ್ದೆ. ಒಂದು ತೇಗ, ಇನ್ನೊಂದು ಗೆದ್ದಲು ತಿಂದ ಮಾವು. ಒಂದೇ ಬಗೆಯ ತಿರುಪನ್ನು ಎರಡಕ್ಕೂ ಹಾಕಿ, ಇಕ್ಕುಳ ಕೊಟ್ಟು ಎಳೆಯಲು ಹೇಳಿದೆ. ಮಾವಿನದು ಹುಡುಗಿಯೊಬ್ಬಳ ಕೈಗೇ ಬಂದಿತು. ತೇಗದ್ದಕ್ಕೆ ಇಬ್ಬರು ಹುಡುಗರು ಜೋತುಬಿದ್ದರೂ ಬರಲಿಲ್ಲ. ಒಳಗಿನಿಂದ ನೋಡುತ್ತಿದ್ದ ಆಕೆ, ಗೋಡೆ ಹಿಡಿಯದೆ ಹೊರಗೆ ನಡೆದುಬಂದು, ಮಕ್ಕಳ ನಡುವೆ ಕುಳಿತು ಉಳಿದ ಪಾಠ ಕೇಳಿದಳು.